ಮಸ್ಕತ್ತಿನಲ್ಲಿ ಜೋಳ ಹುಡುಕಿದ್ದು

ಮಸ್ಕತ್ತಿಗೆ ಹೋಗಿ ಬಂದ ಮೇಲೆ ನಮ್ಮ ಶಾಲೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಏನೇನ್ ನೋಡಿ ಬಂದ್ರಿ, ಟೀಚರ್?"

ಅಲ್ಲಿಯ ದೊಡ್ಡ ಮಸೀದಿ, ಅರಮನೆ, ಕೋಟೆ ಯಾವುದನ್ನೂ ನಾನು ಒಳಹೊಕ್ಕು ನೋಡಲಿಲ್ಲ. ಸಮುದ್ರವನ್ನು ಕಾರಿನ ಕಿಟಕಿಯಿಂದ ನೋಡಿದ್ದಷ್ಟೇ. ನಾನು ನೋಡಿದ್ದು ತರಕಾರಿ ಅಂಗಡಿ, ಚಹಾದಂಗಡಿ, ಪರದೆ ಕಟ್ಟಿದ ಹೋಟೆಲು, ಹಿಟ್ಟಿನ ಗಿರಣಿ. ನನ್ನ ತಮ್ಮ ಊಟ ಬಿಟ್ಟಿದ್ದ. ಅವನು ಹೊಸದಾಗಿ ಹೋಗಿ ಸೇರಿಕೊಂಡಿದ್ದ ಬಡಾವಣೆಯಲ್ಲಿ ಅವನಿಗೆ ಉಣ್ಣಲು ಒಂದು ಜಾಗ ಹುಡುಕಿಕೊಟ್ಟು ಬರಬೇಕೆಂದು ಹೋದವಳು ನಾನು.

ತಮ್ಮನ ಹೆಸರು ಕೊಟ್ರೇಶ. ನಮ್ಮೂರು ಕೊಟ್ಟೂರಿನಲ್ಲಿ ಒಂದು ಬೀದಿಯಲ್ಲಿ ನಿಂತು ಆ ಹೆಸರು ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಾರೆ. ಅವನು ಮಸ್ಕತ್ತಿನಲ್ಲಿ ಕ್ರೇನ್ ನಡೆಸುತ್ತಾನೆ. ಹೆಂಡತಿ ನಾಗವೇಣಿ ಚಿಗಟೇರಿಯವಳು. ನಾನು ಚಿಗಟೇರಿ ಶಾಲೆಯಲ್ಲಿದ್ದಾಗ ಅವರ ಮನೆಯಲ್ಲೇ ಬಾಡಿಗೆಗಿದ್ದೆ. ಆ ಹುಡುಗಿಯ ಕೈಯಡುಗೆ, ಅವಳ ನಗು ನೋಡಿ ನಾನೇ ತಮ್ಮನಿಗೆ ಕೇಳಿ ತಂದುಕೊಂಡಿದ್ದೆ. ಅವರಿಗೆ ಮಕ್ಕಳಾಗಲಿಲ್ಲ. ಮಸ್ಕತ್ತಿನ ರುವಿ ಎಂಬ ಕಡೆ ಮನೆ ಮಾಡಿಕೊಂಡು ಇಬ್ಬರೇ ಇದ್ದರು. ಅಲ್ಲಿ ನಮ್ಮ ದೇಶದವರ ಅಂಗಡಿಗಳೇ ಹೆಚ್ಚು. ನಾಗವೇಣಿ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಯಾವುದಾದರೂ ಅಂಗಡಿಯ ಮುಂದೆಯೇ ನಿಂತಿರುತ್ತಿದ್ದಳು. "ಅಕ್ಕಾರ, ನೋಡ್ರಿ ಇಲ್ಲಿ, ಸಬ್ಬಸಿಗಿ ಸೊಪ್ಪು ಬಂದೈತಿ!" ಎಂದು ಕಟ್ಟನ್ನೇ ಫೋನಿಗೆ ಹಿಡಿಯುತ್ತಿದ್ದಳು.

ಕಳೆದ ವರ್ಷ ಅವಳಿಗೆ ಕಾಯಿಲೆ ಬಂತು. ಚಿಕಿತ್ಸೆಗೆಂದು ಊರಿಗೆ ಬಂದವಳು ದಾವಣಗೆರೆಗೆ ಹೋಗಿ ಬರುತ್ತ ನಮ್ಮ ಮನೆಯಲ್ಲೇ ಉಳಿದಳು. ಕೊನೆಯ ವಾರ ಕೊಟ್ರೇಶ ಬಂದ. ಒಂದು ಬೆಳಿಗ್ಗೆ ನಮ್ಮ ಪಡಸಾಲೆಯಲ್ಲೇ ಅವಳ ಉಸಿರು ನಿಂತಿತು. ಕಾರ್ಯ ಮುಗಿಸಿ ಅವನೊಬ್ಬನೇ ಹಿಂದಿರುಗಿ ಹೋದ.

ಆಮೇಲೆ ಒಂದು ದಿನ ಅವನ ಜೊತೆ ಕೆಲಸ ಮಾಡುವ ಹಡಗಲಿಯ ಖಾದರ್ ಫೋನ್ ಮಾಡಿದ. "ಅಕ್ಕಾರ, ಕೊಟ್ರೇಶಣ್ಣ ರುವಿ ಮನಿ ಬಿಟ್ಟು ದೂರ ಸೀಬ್ ಕಡಿಗೆ ಹೋಗ್ಯಾನರಿ. ಬರೇ ಬ್ರೆಡ್ಡು, ಬಾಳಿಹಣ್ಣು ತಿಂದು ಡ್ಯೂಟಿಗೆ ಬರಾಕತ್ತಾನ. ಮೊನ್ನಿ ಬಿಸಿಲಾಗ ತಲಿ ತಿರುಗಿ ಬಿದ್ದ. ಕೆಳಗಿದ್ದಾಗ ಬಿದ್ದ, ಪುಣ್ಯ. ಕ್ರೇನ್ ಮ್ಯಾಲಿದ್ದಾಗ ಹಂಗಾದ್ರ ಏನ್ ಗತಿರಿ? ಯಾರರ ಒಬ್ರು ಬಂದ್ರ ಚಲೋ ಐತಿ."

ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರು, "ನೀನ ಹೋಗು, ನಮ್ಮ ಊಟದ ಚಿಂತಿ ಬಿಡು" ಎಂದರು. ಹೊರಟೆ.

ವಿಮಾನ ನಿಲ್ದಾಣದ ಮೇಜು

ನನ್ನ ಮೊದಲ ವಿಮಾನಯಾನದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕಿವಿ ಮುಚ್ಚಿಕೊಂಡಿತು, ಕಣ್ಣೂ ಮುಚ್ಚಿಕೊಂಡೆ. ಫಜೀತಿಯಾದದ್ದು ಇಳಿದ ಮೇಲೆ. ನನ್ನ ಬ್ಯಾಗನ್ನು ಒಬ್ಬ ಅಧಿಕಾರಿ ಮೇಜಿನ ಮೇಲಿಟ್ಟು ಬಿಚ್ಚಿಸಿದ. ಖಡಕ್ ರೊಟ್ಟಿ ಕಂಡವು. ಕಟ್ಟುವಾಗ ಮೊರದಗಲ ಇದ್ದವು, ಈಗ ಎಲ್ಲಾ ಚೂರು. ಅದರ ಕೆಳಗೆ ಗುರೆಳ್ಳು ಹಿಂಡಿಯ, ಎಂದರೆ ಚಟ್ನಿಪುಡಿಯ, ಪೊಟ್ಟಣ. ಆ ಕಪ್ಪು ಪುಡಿ ನೋಡಿದ್ದೇ ಅವನ ಮುಖ ಬದಲಾಯಿತು. ಇನ್ನೊಬ್ಬನನ್ನು ಕರೆದ. ಇಬ್ಬರೂ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡಿದರು.

ನನಗೆ ಇಂಗ್ಲಿಷೂ ಹೊಳೆಯಲಿಲ್ಲ, ಹಿಂದಿಯೂ ಹೊಳೆಯಲಿಲ್ಲ. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ರೊಟ್ಟಿಯ ಚೂರು ಕಡಿದು ತೋರಿಸಿದೆ. ಮೊದಲಿನವನು ಅನುಮಾನದಲ್ಲೇ ಬೆರಳದ್ದಿ ನಾಲಗೆಗಿಟ್ಟ. ಖಾರ ನೆತ್ತಿಗೇರಿ ಸೀನಿದ, ಸೀನಿದ, ಕಣ್ಣೊರೆಸಿಕೊಂಡು ನಕ್ಕ. ಪೊಟ್ಟಣವನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ. ದೂರದಿಂದ ಇದನ್ನೆಲ್ಲ ನೋಡುತ್ತಿದ್ದ ಹೆಂಗಸರೂ ನಕ್ಕರು. ನಾನೂ ನಗುತ್ತ ಹೊರಗೆ ಬಂದೆ.

ಹೊರಗೆ ಕೊಟ್ರೇಶ ನಿಂತಿದ್ದ. ನನ್ನ ನಗು ಅಲ್ಲಿಗೇ ನಿಂತಿತು. ಅಂಗಿಯ ಕಾಲರಿನೊಳಗೆ ಅವನ ಕುತ್ತಿಗೆ ಒಣಗಿದ ಬಳ್ಳಿಯಂತಿತ್ತು.

"ಬರಬಾರದಿತ್ತು ನೀನು" ಎಂದ.

"ಬಂದಾತಲ್ಲಲೇ" ಎಂದೆ.

ಹೊಸ ಮನೆ

ಹೊಸ ಮನೆ ಎಂದರೆ ಎರಡು ಕೋಣೆ. ಅಡುಗೆ ಕಟ್ಟೆಯ ಮೇಲೆ ಪೆಟ್ಟಿಗೆಗಳು ಕಟ್ಟಿದ ಹಗ್ಗದೊಂದಿಗೆ ಹಾಗೇ ಕೂತಿದ್ದವು. ಬೀದಿಯಲ್ಲಿ ಹಗಲು ಒಂದು ನರಪಿಳ್ಳೆಯೂ ಕಾಣಿಸುವುದಿಲ್ಲ. ಬಿಸಿಲು ನಮಗೆ ಹೊಸದಲ್ಲ. ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತವರು ಯಾವ ದೇಶದ ಬಿಸಿಲಿಗೂ ಹೆದರಬೇಕಿಲ್ಲ ಎಂದುಕೊಂಡಿದ್ದೆ. ಆದರೆ ನಮ್ಮ ಬಿಸಿಲಿನಲ್ಲಿ ಜನ ಇರುತ್ತಾರೆ. ಕಲ್ಲಂಗಡಿ ಮಾರುವವನಿರುತ್ತಾನೆ, ಛತ್ರಿ ಹಿಡಿದ ಮುದುಕಿಯಿರುತ್ತಾಳೆ, ಯಾರೋ ಯಾರನ್ನೋ ಬೈಯುತ್ತಿರುತ್ತಾರೆ. ಇಲ್ಲಿ ಬಿಸಿಲೊಂದೇ.

ತಂದಿದ್ದ ರೊಟ್ಟಿಚೂರಿಗೆ ಮೊಸರು ಹಾಕಿ ಕೊಟ್ಟೆ. ಎರಡು ತುತ್ತು ತಿಂದು ತಟ್ಟೆ ಸರಿಸಿದ.

"ಇಲ್ಲಿ ಅಂಗಡಿ ಎಲ್ಲಿ ಅದಾವು? ಕಾಯಿಪಲ್ಯ ಎಲ್ಲಿ ತರ್ತಿ?"

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ? ಬಂದು ಇಷ್ಟು ದಿನ ಆತು."

"ಮೂಲ್ಯಾಗ ಒಂದು ಅಂಗಡಿ ಐತಿ. ಬ್ರೆಡ್ ಸಿಗ್ತೈತಿ."

"ರುವಿಯಾಗ ಎಲ್ಲಾ ಸಿಗ್ತಿತ್ತಲ್ಲ. ನಾಳಿ ಅಲ್ಲಿಗೇ ಹೋಗಿ ಜ್ವಾಳದ ಹಿಟ್ಟು, ಬ್ಯಾಳಿ ಎಲ್ಲಾ ತರೋಣು."

"ಬ್ಯಾಡ" ಎಂದ. ಗೋಡೆ ನೋಡುತ್ತ ಹೇಳಿದ: "ಅಲ್ಲಿ ಯಾ ಅಂಗಡಿಗೆ ಹೋದ್ರೂ ಅಕಿ ಎಲ್ಲಿ ಅಂತ ಕೇಳ್ತಾರ. ಸೊಪ್ಪಿನವನು ಕೇಳ್ತಾನ, ಗಿರಣಿಯವನು ಕೇಳ್ತಾನ, ಹೋಟೆಲ್‌ನವನೂ ಕೇಳ್ತಾನ. ಊರಾಗ ಅದಾಳ ಅಂತ ಹೇಳಿ ಹೇಳಿ ಸಾಕಾತು. ಅದಕ್ಕ ಮನಿ ಬಿಟ್ಟೆ."

ಆಗ ನನಗೆ ಗೊತ್ತಾಯಿತು. ಊರಿಂದ ಹಿಂದಿರುಗಿದವನು ರುವಿಯಲ್ಲಿ ಯಾರಿಗೂ ಸುದ್ದಿಯನ್ನೇ ಹೇಳಿರಲಿಲ್ಲ. ಆ ಬೀದಿಯಲ್ಲಿ ನಾಗವೇಣಿ ಇನ್ನೂ ತವರಿಗೆ ಹೋದವಳು. ಇವತ್ತೋ ನಾಳೆಯೋ ಕೈಚೀಲ ಹಿಡಿದು ಬರುವವಳು. ಅವಳನ್ನು ಹಾಗೇ ಅಲ್ಲಿ ಬಿಟ್ಟು ಇವನು ಸಾಮಾನು ಹೊತ್ತುಕೊಂಡು ಇಲ್ಲಿಗೆ ಬಂದಿದ್ದ.

ಒಂದು ಪೆಟ್ಟಿಗೆಯ ಹಗ್ಗ ಬಿಚ್ಚಿದೆ. ಮೇಲೆಯೇ ಅವಳ ರೊಟ್ಟಿ ಹಂಚು. ಮತ್ತೆ ಮುಚ್ಚಿದೆ.

ಪರದೆ ಹೋಟೆಲು

ಮರುದಿನದಿಂದ ಅವನು ಕೆಲಸದಿಂದ ಬಂದ ಮೇಲೆ, ಹೊತ್ತು ಇಳಿಯುವಾಗ, ಕೈ ಹಿಡಿದು ಎಳೆದುಕೊಂಡು ಹೊರಡುತ್ತಿದ್ದೆ. ಸಂಜೆಯಾದರೆ ಆ ಊರಿಗೆ ಜೀವ ಬರುತ್ತದೆ. ಬಿಳಿ ನಿಲುವಂಗಿಯ ಗಂಡಸರು ಕಾರಿನಿಂದ ಇಳಿಯುವುದೇ ಇಲ್ಲ. ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹಾಕುತ್ತಾರೆ, ಮಲಯಾಳಿ ಹುಡುಗರು ಓಡಿ ಬಂದು ಕಿಟಕಿಗೆ ಚಹಾ ಕೊಡುತ್ತಾರೆ. ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ಯಾರಾದರೂ ಹಾಗೆ ಹಾರ್ನ್ ಹಾಕಿ ಚಹಾ ಕರೆದರೆ, "ಕೆಳಗ ಇಳಿದು ಬರಾಕ ಕಾಲಿಲ್ಲೇನ್ರಿ?" ಎನ್ನುತ್ತಿದ್ದರು. ಇಲ್ಲಿ ಅದು ಯಾರಿಗೂ ಬೇಸರದ ಸಂಗತಿಯಲ್ಲ.

ಮೂಲೆಯ ರೊಟ್ಟಿ ಭಟ್ಟಿಯವನು ಪಾಕಿಸ್ತಾನದವನು. ಬಾವಿಯಂಥ ಒಲೆಯೊಳಗೆ ತಲೆ ಬಗ್ಗಿಸಿ ರೊಟ್ಟಿ ಬಡಿಯುತ್ತಿದ್ದ. ಅವನ ಉರ್ದು ನನಗೆ ಅರ್ಧಕ್ಕರ್ಧ ತಿಳಿಯಿತು, ನಮ್ಮ ಕಡೆಯ ಮಾತಿನಲ್ಲಿ ಅಷ್ಟು ಉರ್ದು ಇದೆ ಎಂದು ನನಗೆ ಅಲ್ಲೇ ಗೊತ್ತಾದದ್ದು. ಹಲ್ವದಂಗಡಿಯ ಒಮಾನಿ ಮುದುಕ ಕೇಸರಿ ಹಾಕಿದ ಅಂಟು ಹಲ್ವ ಮತ್ತು ಕಹಿ ಕಾಫಿ ಕೊಟ್ಟು, ನಾನು ಬೇಡ ಎಂದರೂ ಬಟ್ಟಲಿಗೆ ಸುರಿಯುತ್ತಲೇ ಹೋದ. ಸಾಕೆನ್ನಲು ಬಟ್ಟಲು ಅಲ್ಲಾಡಿಸಬೇಕಂತೆ. ಅದನ್ನು ತಮ್ಮ ಹೇಳಿದ್ದು ನನ್ನ ಹೊಟ್ಟೆ ಕಾಫಿಯಿಂದ ತುಂಬಿದ ಮೇಲೆ.

ಆದರೆ ಊಟ? ಒಂದು ದೊಡ್ಡ ಹೋಟೆಲಿಗೆ ಹೋದೆವು. ಹೆಂಗಸರು ಬಂದರೆಂದು ನಮ್ಮನ್ನು ಪರದೆ ಕಟ್ಟಿದ ಸಣ್ಣ ಕೋಣೆಗೆ ಕಳಿಸಿದರು. ನೆಲದ ಮೇಲೆ ಜಮಖಾನೆ, ನಡುವೆ ಪ್ಲಾಸ್ಟಿಕ್ ಹಾಳೆ. ಮಾಂಸ ಬೇಡ, ಬರಿ ಅನ್ನ ಸಾಕು ಎಂದು ಕೊಟ್ರೇಶ ಅರಬ್ಬಿಯಲ್ಲಿ ಹೇಳಿದ. ಪರಾತದ ತುಂಬ ಹಳದಿ ಅನ್ನ ಬಂತು, ದ್ರಾಕ್ಷಿ, ಗೋಡಂಬಿ ಉದುರಿಸಿದ್ದು. ಕೈ ಹಾಕಬೇಕು, ಅಷ್ಟರಲ್ಲಿ ನೀರು ತಂದ ಮಲಯಾಳಿ ನನ್ನ ಹಣೆಯ ವಿಭೂತಿ ನೋಡಿ ಮೆಲ್ಲಗೆ, "ಚೇಚಿ, ತಿನ್ನಬೇಡಿ. ಮಾಂಸದ ತುಂಡು ತೆಗೆದಿದ್ದಾರೆ, ಅನ್ನ ಬೇಯಿಸಿದ್ದು ಅದೇ ನೀರಿನಲ್ಲಿ" ಎಂದ ತನ್ನ ಮುರುಕು ಹಿಂದಿಯಲ್ಲಿ.

ಎದ್ದು ಬಂದೆವು. ದಾರಿಯಲ್ಲಿ ನನಗೆ ನಗು. ಅವನಿಗೆ ಬರಲಿಲ್ಲ.

"ನಾಗವೇಣಿ ಇದ್ದಿದ್ರ ಒಳಗ ಹೋಗೂದಕ್ಕ ಮೊದಲ ಅಡಗಿ ಮನಿ ನೋಡಿ ಬರ್ತಿದ್ಲು" ಎಂದ. ನಾನು ಬಂದ ಮೇಲೆ ಅವನು ಅವಳ ಹೆಸರು ಹಿಡಿದು ಆಡಿದ ಮೊದಲ ಮಾತು ಅದು.

ಆಮ್ನಾಳ ಹಂಚು

ಸುಡಾನಿನವರ ಹೋಟೆಲು ಸಿಕ್ಕಿದ್ದು ಮೂಗಿನಿಂದ. ಕಟ್ಟಡವೊಂದರ ಹಿಂದುಗಡೆ ದಾಟುವಾಗ ಜೋಳದ ಹಿಟ್ಟು ಹುಳಿ ಬಂದ ವಾಸನೆ. ನಾನು ನಿಂತುಬಿಟ್ಟೆ.

"ಕೊಟ್ರೇಶ, ಇದು ಜ್ವಾಳ."

"ಇಲ್ಲೆಲ್ಲಿ ಜ್ವಾಳ, ಅಕ್ಕ?"

"ಜ್ವಾಳದ ವಾಸನಿ ನನಗ ತಿಳಿಯೂದಿಲ್ಲೇನು?"

ಹಿಂಬಾಗಿಲು ತೆರೆದಿತ್ತು. ಒಳಗೆ ಒಬ್ಬಳು ಎತ್ತರದ ಹೆಂಗಸು, ತಲೆಯಿಂದ ಪಾದದವರೆಗೆ ಹೂವಿನ ಬಟ್ಟೆ ಸುತ್ತಿಕೊಂಡವಳು, ಅಗಲವಾದ ಹಂಚಿನ ಮೇಲೆ ತೆಳ್ಳಗಿನ ಹಿಟ್ಟು ಹುಯ್ದು ಖರ್ಜೂರದ ಗರಿಯ ಚೂರಿನಿಂದ ಎಳೆಯುತ್ತಿದ್ದಳು. ಎತ್ತಿದರೆ ಕೈವಸ್ತ್ರದಷ್ಟು ತೆಳು. ನಾನು ಹಿಟ್ಟಿನ ಡಬ್ಬಿ ತೋರಿಸಿದೆ. ಅವಳು ಮುಚ್ಚಳ ತೆಗೆದಳು. ಬಿಳಿಜೋಳವೇ. ನಮ್ಮ ಜೋಳವೇ.

ಅವಳು ಆಮ್ನಾ. ಹೋಟೆಲು ಅವಳ ಅಣ್ಣನದು, ರೊಟ್ಟಿ ಅವಳದು. ಆ ತೆಳು ರೊಟ್ಟಿಗೆ ಕಿಸ್ರಾ ಎನ್ನುತ್ತಾರೆ. ಮಾಂಸದ ಸಾರು ತಂದಿಟ್ಟಳು. ನಾನು ಕೈ ಮುಗಿದು ಬೇಡವೆಂದೆ. ಹಣೆ ಸುಕ್ಕು ಮಾಡಿ ಯೋಚಿಸಿ, ಬೇರೊಂದು ಬಟ್ಟಲು ತಂದಳು. ಶೇಂಗಾ ಅರೆದು, ಟೊಮೆಟೊ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು ಹಾಕಿ ಕಲೆಸಿದ್ದು. ಬಾಯಿಗಿಟ್ಟೆ. ಕಡಲಾಚೆ ಯಾರ ಮನೆಯಲ್ಲೋ ನಮ್ಮ ಅವ್ವನ ಶೇಂಗಾ ಚಟ್ನಿಗೆ ಒಬ್ಬಳು ತಂಗಿ ಇದ್ದಳು ಎನ್ನಿಸಿತು.

ಕೊಟ್ರೇಶ ಒಂದು ತಿಂದ. ನಾನು ಆ ಕಡೆ ನೋಡಲಿಲ್ಲ. ಇನ್ನೊಂದಕ್ಕೆ ಅವನೇ ಕೈ ಚಾಚಿದ.

ಆಮೇಲೆ ಪ್ರತಿ ಸಂಜೆ ಅಲ್ಲಿಗೇ. ಆಮ್ನಾಳಿಗೆ ಅರಬ್ಬಿ ಮಾತ್ರ ಬರುತ್ತದೆ, ನನಗೆ ಅರಬ್ಬಿ ಬರುವುದಿಲ್ಲ. ನಡುವೆ ತಮ್ಮ ಕೂತು ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ದಾಟಿಸಬೇಕು. ಅಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದವನಿಗೆ ಈಗ ಇಬ್ಬರು ಹೆಂಗಸರ ಹರಟೆಯ ಕೆಲಸ. ನಿಮ್ಮಲ್ಲಿ ಜೋಳ ಯಾವ ತಿಂಗಳು ಬಿತ್ತುತ್ತಾರೆ, ರೊಟ್ಟಿ ಕೈಯಲ್ಲಿ ಬಡಿಯುತ್ತೀರಾ, ಹಂಚು ಯಾವುದರದು? ನಾನು ಮುಂಗೈ ಆಡಿಸಿ ರೊಟ್ಟಿ ಬಡಿಯುವುದನ್ನು ತೋರಿಸಿದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಒಂದು ಸಂಜೆ ಅವಳು ಕೊಟ್ರೇಶನ ಕಡೆ ನೋಡಿ ನನಗೆ ಏನೋ ಕೇಳಿದಳು. ಅವನು ದಾಟಿಸಲಿಲ್ಲ.

"ಏನಂದ್ಲೋ?"

"ಏನಿಲ್ಲ."

ಆಮ್ನಾ ನನ್ನ ಮುಖ, ಅವನ ಮುಖ ನೋಡಿ ಮತ್ತೊಮ್ಮೆ, ಈ ಸಲ ಮೆಲ್ಲಗೆ, ಅದನ್ನೇ ಕೇಳಿದಳು.

"ಹೇಳೋ, ಏನ್ ಕೇಳ್ತಾಳ?"

ಅವನು ಕೈಯಲ್ಲಿದ್ದ ಕಿಸ್ರಾ ತುಂಡನ್ನು ತಟ್ಟೆಗಿಟ್ಟ. "ನಿನ್ನ ತಮ್ಮಗ ಹೆಂಡ್ತಿ ಇಲ್ಲೇನು, ದಿನಾ ಹೋಟೆಲ್‌ನಾಗ ಉಣ್ತಾನ, ಅಕಿನ್ನ ಯಾಕ ಕರಕೊಂಡು ಬರೂದಿಲ್ಲ ಅಂತ ಕೇಳ್ತಾಳ."

ನಾನು ಏನಾದರೂ ಹೇಳಿ ಮಾತು ತಿರುಗಿಸಬಹುದಿತ್ತು. ಅಷ್ಟರಲ್ಲಿ ಅವನು ತಲೆಯೆತ್ತದೆ ಅರಬ್ಬಿಯಲ್ಲಿ ಒಂದೇ ಒಂದು ಶಬ್ದ ಹೇಳಿದ: "ಮಾತತ್."

ಆ ಶಬ್ದ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮ್ನಾ ಕೈ ಒರೆಸಿಕೊಂಡಳು. ಎರಡೂ ಅಂಗೈಗಳನ್ನು ಎದೆಯ ಮುಂದೆ ತೆರೆದು ಹಿಡಿದಳು. ಏನನ್ನೋ ಬೇಡುತ್ತಿದ್ದಾಳೆ ಎಂದುಕೊಂಡು ನಾನು ಗಾಬರಿಯಾದೆ. ತುಟಿಗಳು ಮಾತ್ರ ಅಲುಗುತ್ತಿದ್ದವು. ಕೊಟ್ರೇಶನೂ ತನ್ನ ಎರಡೂ ಅಂಗೈ ತೆರೆದು ಹಿಡಿದ. ಮುಗಿದ ಮೇಲೆ ಅವಳು ಅಂಗೈಯಿಂದ ಮುಖ ಸವರಿಕೊಂಡಳು.

"ಸತ್ತ ಮನ್ಯಾಗ ಮಾತಾಡಿಸಾಕ ಬಂದವರು ಹಿಂಗ ಮಾಡ್ತಾರ, ಅಕ್ಕ" ಎಂದ.

ಆಮೇಲೆ ಆಮ್ನಾ ಮಾತಾಡಿದಳು. ಅವನು ಒಂದೊಂದೇ ವಾಕ್ಯ ಹೇಳುತ್ತ ಹೋದ. ಸುಡಾನಿನಲ್ಲಿ ಯುದ್ಧ ಶುರುವಾದಾಗ ಅವಳ ಗಂಡ ಮನೆ ಕಾಯಲೆಂದು ಖಾರ್ಟೂಮಿನಲ್ಲೇ ಉಳಿದ. ನೀನು ಮೊದಲು ಹೋಗು, ನಾನು ಹಿಂದೆ ಬರುತ್ತೇನೆ ಎಂದಿದ್ದ. ಈಗ ಫೋನೂ ಇಲ್ಲ, ಸುದ್ದಿಯೂ ಇಲ್ಲ. ಅವನು ಇದ್ದಾನೆ ಎಂದು ಹೇಳಲೂ ತನಗೆ ಬರುವುದಿಲ್ಲ, ಇಲ್ಲ ಎಂದು ಹೇಳಲೂ ಬರುವುದಿಲ್ಲ.

"ನಿಂಗ ಹೇಳಾಕ ಬರ್ತೈತಿ. ಹೇಳಿಬಿಡು, ಬಾಯಾಗ ಇಟ್ಕೋಬ್ಯಾಡ ಅಂತಾಳ" ಎಂದು ಅವನು ಕೊನೆಯ ವಾಕ್ಯ ದಾಟಿಸಿದ. ದಾಟಿಸಿದ ಮೇಲೆ ಅದು ತನಗೇ ಹೇಳಿದ್ದು ಎಂದು ಅರಿವಾದವನಂತೆ ಅವಳ ಕಡೆ ನೋಡಿದ.

ನಾನು ಆಮ್ನಾಳ ಕೈ ಹಿಡಿದುಕೊಂಡೆ. ಹಂಚಿನ ಶಾಖಕ್ಕೆ ಒರಟಾದ ಕೈ. ಏನು ಹೇಳಿದ್ದರೂ ಆ ಹೊತ್ತು ಅವನಿಂದ ದಾಟಿಸಲು ಆಗುತ್ತಿರಲಿಲ್ಲ.

ರುವಿ

ಶುಕ್ರವಾರ ಅಲ್ಲಿ ರಜೆ. ಬೆಳಿಗ್ಗೆ ಸ್ನಾನ ಮಾಡಿ, ನಾನು ಕೇಳದೆಯೇ, "ನಡಿ ಅಕ್ಕ, ರುವಿಗೆ ಹೋಗಿ ಬರೋಣು" ಎಂದ.

ದಾರಿಯುದ್ದಕ್ಕೂ ಕಲ್ಲುಗುಡ್ಡ. ಒಂದು ಹಸಿರಿಲ್ಲ. ರುವಿ ಬಂದಾಗ ನನಗೆ ಎಲ್ಲ ಗುರುತು ಹತ್ತಿತು. ಆ ಸೊಪ್ಪಿನ ಅಂಗಡಿ, ಆ ನೀಲಿ ಬೋರ್ಡು, ಆ ಮಿಠಾಯಿ ಕಪಾಟು ಎಲ್ಲವನ್ನೂ ನಾನು ನಾಗವೇಣಿಯ ಫೋನಿನಲ್ಲಿ ನೋಡಿದ್ದೆ. ಇಷ್ಟು ಸಣ್ಣ ಬೀದಿ ಎಂದು ಗೊತ್ತಿರಲಿಲ್ಲ.

ಸೊಪ್ಪಿನವನು ಬಾಂಗ್ಲಾದವನು. ನಮ್ಮನ್ನು ಕಂಡವನೇ ನಗುತ್ತ ಒಂದು ಸಬ್ಬಸಿಗೆ ಕಟ್ಟು ಎತ್ತಿದ. ಕೊಟ್ರೇಶ ಅವನ ಹತ್ತಿರ ಹೋಗಿ, ಬಗ್ಗಿ, ಹಿಂದಿಯಲ್ಲಿ ಹೇಳಿದ. ಎತ್ತಿದ ಕೈ ಹಾಗೇ ನಿಂತಿತು. ಅಲ್ಲಿಂದ ಮಿಠಾಯಿ ಅಂಗಡಿ. ಅಲ್ಲಿಂದ, ಅವಳು ಇಡ್ಲಿಗೆ ಹೋಗುತ್ತಿದ್ದ ಹೋಟೆಲು. ಒಂದೊಂದು ಬಾಗಿಲಲ್ಲೂ ಅವನು ನಿಲ್ಲುತ್ತಿದ್ದ, ಉಸಿರು ಎಳೆದುಕೊಳ್ಳುತ್ತಿದ್ದ, ಒಳಗೆ ಹೋಗುತ್ತಿದ್ದ. ನಮ್ಮ ಊರಿನಲ್ಲಿ ಯಾರಾದರೂ ಹೋದರೆ ಓಣಿ ಓಣಿಗೆ ಒಬ್ಬ ಸುದ್ದಿ ಹೇಳಿ ಬರುತ್ತಾನೆ. ಮನೆಯವರು ಆ ಕೆಲಸ ಮಾಡುವುದಿಲ್ಲ, ಅವರಿಗೆ ಅಳುವುದಿರುತ್ತದೆ. ಇಲ್ಲಿ ಇವನೇ ಮನೆಯವನು, ಇವನೇ ಸುದ್ದಿ ಹೇಳುವವನು.

ಕೊನೆಗೆ ಹಿಟ್ಟಿನ ಗಿರಣಿ. ಅದರ ಮಾಲೀಕ ಹಸ್ಮುಖ್ ಭಾಯಿ, ಗುಜರಾತಿನ ವಯಸ್ಸಾದ ಮನುಷ್ಯ. ಜೋಳ ತರಿಸಿ, ಕಲ್ಲು ಆರಿಸಿ ಇಟ್ಟು, ನಾಗವೇಣಿ ಬಂದ ಮೇಲೆಯೇ ಅವಳ ಕಣ್ಣೆದುರು ಬೀಸಿಕೊಡುತ್ತಿದ್ದನಂತೆ. ಬಿಸಿ ಹಿಟ್ಟು ಬೆರಳಿಗೆ ತಾಕಿಸಿ ನೋಡದೆ ಅವಳು ಒಯ್ಯುತ್ತಿರಲಿಲ್ಲವಂತೆ. ಹುಬ್ಬಿನವರೆಗೆ ಹಿಟ್ಟಿನ ಧೂಳು ಕೂತ ಅವನು ನಮ್ಮನ್ನು ನೋಡಿ ಗಟ್ಟಿಯಾಗಿ, "ಅರೇ ಕೊಟ್ರೇಶ್ ಭಾಯ್! ಎಷ್ಟು ದಿನ ಆಯಿತು! ಭಾಭೀಜಿ ಎಲ್ಲಿ?" ಎಂದ. ಹಿಂದೆ ನಿಂತ ನನ್ನನ್ನು ಅವಳೆಂದುಕೊಂಡು ಬಗ್ಗಿ ನೋಡಿದ.

ಕೊಟ್ರೇಶ ಹೇಳಿದ. ಉಳಿದ ಅಂಗಡಿಗಳಲ್ಲಿ ಹೇಳಿದಷ್ಟು ಮೆಲ್ಲಗೆ ಹೇಳಲಾಗಲಿಲ್ಲ, ಗಿರಣಿಯ ಸದ್ದಿತ್ತು. ಮೊದಲ ಸಲ ಹಸ್ಮುಖ್ ಭಾಯಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿದ. ಕೊಟ್ರೇಶ ಎರಡನೇ ಸಲ ಕೂಗಿ ಹೇಳಬೇಕಾಯಿತು. "ಅವಳು ತೀರಿಕೊಂಡಳು" ಎಂದು ಹೆಂಡತಿಯ ಸಾವನ್ನು ಕೂಗಿ ಹೇಳಿದ.

ಹಸ್ಮುಖ್ ಭಾಯಿ ಗಿರಣಿ ಆರಿಸಿದ. ಆ ಸದ್ದು ಇಳಿದು ಇಳಿದು ನಿಂತಿತು. ಬಾಗಿಲಿಗೆ ಹೋಗಿ ಶಟರನ್ನು ಅರ್ಧ ಎಳೆದ. ನಮ್ಮ ಕೊಟ್ಟೂರಿನ ಪೇಟೆಯಲ್ಲಿ ಹೆಣ ಹಾಯುವಾಗ ಎಲ್ಲ ಅಂಗಡಿಯವರೂ ಹಾಗೇ ಅರ್ಧ ಎಳೆಯುತ್ತಾರೆ. ಒಳಗೆ ಮಬ್ಬಾಯಿತು. ಹಿಟ್ಟಿನ ಧೂಳು ಇನ್ನೂ ಇಳಿಯುತ್ತಿತ್ತು. ಮಣ್ಣು ಕೊಡುವಾಗಲೂ ಕಲ್ಲಿನಂತೆ ನಿಂತಿದ್ದ ನನ್ನ ತಮ್ಮ ಜೋಳದ ಚೀಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ನಾನು ಅವನ ತಲೆಯನ್ನು ಹೊಟ್ಟೆಗೆ ಆನಿಸಿಕೊಂಡು ನಿಂತೆ. ಹಸ್ಮುಖ್ ಭಾಯಿ ಅವನ ಬೆನ್ನ ಮೇಲೆ ಕೈಯಿಟ್ಟಿದ್ದ. ಅಂಗಿಯ ಮೇಲೆ ಬಿಳಿ ಬೆರಳುಗಳ ಗುರುತು ಮೂಡಿತ್ತು.

ಹೊರಗೆ ಯಾರೋ ಗಿರಾಕಿ ಶಟರ್ ಬಡಿದ. ಇವತ್ತು ಯಾಕೆ ಇಷ್ಟು ಬೇಗ ಬಂದ್ ಎಂದು ಕೇಳಿದ.

ಹಸ್ಮುಖ್ ಭಾಯಿ ಬಾಗಿಲಿನವರೆಗೆ ಹೋಗಲಿಲ್ಲ. ಕೈ ತೆಗೆಯದೆ, ನಿಂತಲ್ಲಿಂದಲೇ ಹಿಂದಿಯಲ್ಲಿ ಹೇಳಿದ:

"ನಮ್ಮ ಮನೆಯಲ್ಲೊಬ್ಬರು ತೀರಿಕೊಂಡಿದ್ದಾರೆ. ಆಮೇಲೆ ಬನ್ನಿ."